ಇಂಜಿನ್ ಕೇಳದೇ ಇರುವ ಆಕ್ಟೇನ್

ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಪೈಪಿನಲ್ಲಿ ಸಿಗುವ ದುಬಾರಿ ಪೆಟ್ರೋಲ್ ಹಾಕಿಸಿದರೆ ಲಾಭ ಇದೆಯಾ? ಒಬ್ಬರು ಪಿಕಪ್ ಜಾಸ್ತಿ ಆಯಿತು ಅನ್ನುತ್ತಾರೆ. ಇನ್ನೊಬ್ಬರು ಮೈಲೇಜ್ ಏರಿತು ಅನ್ನುತ್ತಾರೆ. ಮೂರನೆಯವರಿಗೆ ಇಂಜಿನ್ ಸದ್ದೇ ನುಣ್ಣಗಾದ ಹಾಗೆ ಕೇಳಿಸುತ್ತದೆ. ನಾಲ್ಕನೆಯವರು ಮಾತ್ರ "ಎಲ್ಲಾ ಸುಳ್ಳು, ದುಡ್ಡು ಕೀಳೋ ದಾರಿ" ಅಂತ ಮಾತು ಮುಗಿಸಿಬಿಡುತ್ತಾರೆ.

ಸಾಮಾನ್ಯ ಕಾರಿನ ಮಟ್ಟಿಗೆ ನಾನು ಈ ನಾಲ್ಕನೆಯವರ ಪಕ್ಷ. ಆದರೆ "ಎಲ್ಲಾ ಸುಳ್ಳು" ಅನ್ನುವುದನ್ನು ಒಪ್ಪುವುದಿಲ್ಲ. ಆ ಪೆಟ್ರೋಲಿಗೆ ನಿಜವಾಗಿಯೂ ಒಂದು ಗುಣ ಜಾಸ್ತಿ ಇದೆ. ಆ ಗುಣವನ್ನು ಬಳಸಿಕೊಳ್ಳಲು ನಿಮ್ಮ ಇಂಜಿನ್ನಿಗೆ ಬರುತ್ತದೆಯೇ ಅನ್ನುವುದಷ್ಟೇ ಪ್ರಶ್ನೆ. ಸುಮಾರು ಇಂಜಿನ್‌ಗಳಿಗೆ ಬರುವುದಿಲ್ಲ.

ಆ ಗುಣವನ್ನು ಹೇಳುವುದು ಬಂಕಿನಲ್ಲಿ 91, 97 ಅಂತ ಬರೆದಿರುವ ಆಕ್ಟೇನ್ ಸಂಖ್ಯೆ. ಅದು ಹೇಳುವುದು ಪೆಟ್ರೋಲಿನ ಶಕ್ತಿಯನ್ನಲ್ಲ. ಇಲ್ಲಿಯೇ ಬಹಳ ಜನ ಎಡವುತ್ತಾರೆ. 91ಕ್ಕಿಂತ 97 ದೊಡ್ಡದು, ಹಾಗಾಗಿ 97ರಲ್ಲಿ ಕಸುವು ಜಾಸ್ತಿ ಅಂತ ಅನ್ನಿಸುವುದು ಸಹಜ. ಆದರೆ ಆ ಸಂಖ್ಯೆ ಹೇಳುವುದು ತಾಳ್ಮೆಯನ್ನು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನೊಳಗೆ ಅದುಮಿದಾಗ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸಿದ ಮೇಲೆ, ಬೆಂಕಿ ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ಹರಡಬೇಕು. ಹರಡುವಾಗ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದಿರುವ ಮಿಶ್ರಣ ಮತ್ತಷ್ಟು ಒತ್ತಡಕ್ಕೆ, ಮತ್ತಷ್ಟು ಬಿಸಿಗೆ ಸಿಕ್ಕಿಕೊಳ್ಳುತ್ತದೆ. ಬೆಂಕಿ ಬಂದು ಮುಟ್ಟುವವರೆಗೆ ಅದು ಕಾಯಬೇಕು. ಕಾಯದೆ ತಾನೇ ಹೊತ್ತಿಕೊಂಡರೆ ಒಳಗೆ ಒತ್ತಡದ ಅಲೆ ಏಳುತ್ತದೆ. ಹೊರಗೆ ಕಣಕಣ ಸದ್ದು ಕೇಳುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದಕ್ಕೇ. ಇದು ಜೋರಾಗಿ, ಬಹಳ ಹೊತ್ತು ನಡೆದರೆ ಪಿಸ್ಟನ್ನೇ ಹಾಳಾಗುತ್ತದೆ.

ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲ್ ಹೆಚ್ಚು ಹೊತ್ತು ಕಾಯುತ್ತದೆ. ಅಷ್ಟೇ. ನಿಮ್ಮ ಇಂಜಿನ್ ಅಷ್ಟೊಂದು ಅದುಮುವುದೇ ಇಲ್ಲ ಅಂದರೆ, 91 ಹಾಕಿದರೂ ನಾಕಿಂಗ್ ಇಲ್ಲ, 97 ಹಾಕಿದರೂ ಇಲ್ಲ. ಮಳೆ ಬಾರದ ದಿನ ದೊಡ್ಡ ಕೊಡೆ ಹಿಡಿದರೆಷ್ಟು, ಸಣ್ಣ ಕೊಡೆ ಹಿಡಿದರೆಷ್ಟು?

ಈ ಸಂಖ್ಯೆ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿ ಎರಡು ಶುದ್ಧ ದ್ರವಗಳನ್ನು ಅಳತೆಗೋಲಾಗಿ ಇಟ್ಟುಕೊಂಡರು. ಐಸೊ-ಆಕ್ಟೇನ್ ಬಹಳ ತಾಳ್ಮೆಯದು, ಅದಕ್ಕೆ 100. ನಾರ್ಮಲ್ ಹೆಪ್ಟೇನ್‌ಗೆ ತಾಳ್ಮೆಯೇ ಇಲ್ಲ, ಅದಕ್ಕೆ 0. ಈ ಹೆಪ್ಟೇನ್ ಆಗ ಎಲ್ಲಿಂದ ಬಂತು ಗೊತ್ತಾ? ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ಆ ಮರದ ರಸವನ್ನು ಭಟ್ಟಿ ಇಳಿಸಿದರೆ ಸಾಕಷ್ಟು ಶುದ್ಧವಾದ ಹೆಪ್ಟೇನ್ ಸಿಗುತ್ತಿತ್ತು. ಪೆಟ್ರೋಲ್ ಅಳೆಯುವ ಮಾಪನದ ಸೊನ್ನೆ ಒಂದು ಕಾಡುಮರದಿಂದ ಬಂದಿದೆ ಅನ್ನುವುದನ್ನು ಓದಿದಾಗ ನಾನು ಎರಡು ಸಲ ಖಚಿತ ಮಾಡಿಕೊಂಡೆ.

ಪೆಟ್ರೋಲ್ 95 ಅಂದರೆ ಅದರಲ್ಲಿ ಶೇಕಡಾ 95ರಷ್ಟು ಆಕ್ಟೇನ್ ತುಂಬಿದೆ ಅಂತಲ್ಲ. 95 ಪಾಲು ಐಸೊ-ಆಕ್ಟೇನ್, 5 ಪಾಲು ಹೆಪ್ಟೇನ್ ಸೇರಿಸಿದ ಮಿಶ್ರಣ ನಾಕಿಂಗ್ ಎದುರು ಹೇಗೆ ನಡೆದುಕೊಳ್ಳುತ್ತದೋ, ಇದೂ ಹಾಗೆಯೇ ನಡೆದುಕೊಳ್ಳುತ್ತದೆ ಅಂತ ಅರ್ಥ. ಇದನ್ನು ಅಳೆಯಲು ಸಿಎಫ್ಆರ್ ಎಂಬ ಒಂಟಿ ಸಿಲಿಂಡರಿನ ಇಂಜಿನ್ ಇದೆ. ಓಡುತ್ತಿರುವಾಗಲೇ ಅದರ ಕಂಪ್ರೆಷನ್ ಅನುಪಾತವನ್ನು, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವುದನ್ನು, ಏರಿಸಿ ಇಳಿಸಬಹುದು. 1920ರ ದಶಕದ ಕೊನೆಯಲ್ಲಿ ರೂಪುಗೊಂಡ ಆ ವಿನ್ಯಾಸವೇ ಈಗಲೂ ಪ್ರಯೋಗಶಾಲೆಗಳಲ್ಲಿ ಕಟಕಟ ಅಂತ ಓಡುತ್ತಿದೆ. ನಿಮಿಷಕ್ಕೆ 600 ಸುತ್ತಿನಲ್ಲಿ ಅಳೆದರೆ ಸಿಗುವುದು ರಿಸರ್ಚ್ ಆಕ್ಟೇನ್ ನಂಬರ್, ಅಂದರೆ ಆರ್‌ಒಎನ್. 900 ಸುತ್ತಿನಲ್ಲಿ, ಮಿಶ್ರಣವನ್ನು ಇನ್ನಷ್ಟು ಬಿಸಿ ಮಾಡಿ ಅಳೆದರೆ ಮೋಟಾರ್ ಆಕ್ಟೇನ್ ನಂಬರ್, ಎಂಒಎನ್. ಎರಡನೆಯದು ಸಾಮಾನ್ಯವಾಗಿ ಎಂಟು ಹತ್ತು ಅಂಕ ಕಡಿಮೆ ಬರುತ್ತದೆ.

ಬಹಳ ದೇಶಗಳಲ್ಲಿ ಬಂಕಿನ ಮೇಲೆ ಬರೆದಿರುವುದು ಆರ್‌ಒಎನ್. ಅಮೆರಿಕ, ಕೆನಡಾಗಳಲ್ಲಿ ಬರೆಯುವುದು ಎರಡರ ಸರಾಸರಿ. ಅಲ್ಲಿನ 87 ನೋಡಿ "ಅಯ್ಯೋ, ಎಂಥಾ ಕಳಪೆ ಪೆಟ್ರೋಲ್" ಅನ್ನಬೇಡಿ. ಅದು ಬೇರೆ ಕಡೆಯ 91, 92ಕ್ಕೆ ಸಮ. ಬೇರೆ ದೇಶದವರ ವಿಡಿಯೋ ನೋಡಿ ನಮ್ಮ ಗಾಡಿಗೆ ಆಕ್ಟೇನ್ ಸಾಲದು ಅಂತ ತಲೆ ಕೆಡಿಸಿಕೊಳ್ಳುವವರು ಈ ಲೆಕ್ಕವನ್ನು ಮೊದಲು ನೋಡಬೇಕು.

ಹಾಗಾದರೆ ಹೆಚ್ಚು ಆಕ್ಟೇನ್ ಯಾಕೆ ಬೇಕಾಯಿತು? ಇಂಜಿನ್ ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಪುಸ್ತಕದ ಲೆಕ್ಕದಲ್ಲಿ ಕಂಪ್ರೆಷನ್ ಅನುಪಾತ 8 ಇದ್ದರೆ ದಕ್ಷತೆ ಶೇಕಡಾ 56ರ ಆಸುಪಾಸು, 10 ಇದ್ದರೆ 60, 12 ಇದ್ದರೆ 63. ನಿಜವಾದ ಇಂಜಿನ್‌ಗಳು ಇದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ದಿಕ್ಕು ಮಾತ್ರ ಇದೇ. ಅದುಮಲು ಹೊರಟರೆ ನಾಕಿಂಗ್ ಅಡ್ಡ ಬರುತ್ತದೆ. 1921ರ ಡಿಸೆಂಬರಿನಲ್ಲಿ ಥಾಮಸ್ ಮಿಡ್ಗ್ಲಿ ತಂಡಕ್ಕೆ ಪೆಟ್ರೋಲಿಗೆ ಚೂರು ಸೀಸದ ಸಂಯುಕ್ತ ಸೇರಿಸಿದರೆ ನಾಕಿಂಗ್ ನಿಲ್ಲುತ್ತದೆ ಅಂತ ಗೊತ್ತಾಯಿತು. ಆ ಅಗ್ಗದ ಉಪಾಯಕ್ಕೆ ಜಗತ್ತು ಕೊಟ್ಟ ಬೆಲೆ ಬಹಳ ದೊಡ್ಡದು. ಕಾರುಗಳ ಪೆಟ್ರೋಲಿನಿಂದ ಸೀಸ ಪೂರ್ತಿ ಹೋಗಲು 2021 ಬರಬೇಕಾಯಿತು. ಆ ವರ್ಷ ಅಲ್ಜೀರಿಯಾದಲ್ಲಿ ಮಾರಾಟ ನಿಂತ ಮೇಲೆ ಅದು ಎಲ್ಲೂ ಉಳಿಯಲಿಲ್ಲ.

ಆಕ್ಟೇನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ತಿಳಿಯಬೇಕಾದರೆ ಕಾರಿಗಿಂತ ವಿಮಾನದ ಉದಾಹರಣೆ ಒಳ್ಳೆಯದು. 1930ರ ದಶಕದಲ್ಲಿ ಶೆಲ್ ಕಂಪನಿಯಲ್ಲಿದ್ದ ಪೈಲಟ್ ಜೇಮ್ಸ್ ಡೂಲಿಟಲ್ 100 ಆಕ್ಟೇನ್ ಪೆಟ್ರೋಲ್ ತಯಾರಿಸಬೇಕೆಂದು ಹಟ ಹಿಡಿದು ಕಂಪನಿಯನ್ನು ಒಪ್ಪಿಸಿದರು. 1940ರಲ್ಲಿ ಬ್ರಿಟನ್ ಆಕಾಶದಲ್ಲಿ ಹೋರಾಡಿದ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ಸಿಕ್ಕಿದ್ದು 100 ಆಕ್ಟೇನ್ ಇಂಧನ. ಅವುಗಳ ಮರ್ಲಿನ್ ಇಂಜಿನ್ನಿನಲ್ಲಿ ಸೂಪರ್‌ಚಾರ್ಜರ್ ಇತ್ತು. 87 ಆಕ್ಟೇನ್ ಇಂಧನದಲ್ಲಿ ಅದು ಚದರ ಇಂಚಿಗೆ ಸುಮಾರು 6 ಪೌಂಡ್ ಹೆಚ್ಚುವರಿ ಒತ್ತಡದಲ್ಲಿ ಗಾಳಿ ತುರುಕುತ್ತಿತ್ತು. 100 ಆಕ್ಟೇನ್ ಬಂದ ಮೇಲೆ 12 ಪೌಂಡಿಗೆ ಏರಿಸಿದರು. ಕೆಳಮಟ್ಟದ ಹಾರಾಟದಲ್ಲಿ ಸುಮಾರು 1000 ಕುದುರೆಶಕ್ತಿ ಇದ್ದದ್ದು 1300 ದಾಟಿತು.

ಈ ಕಥೆಯಲ್ಲಿ ಒಂದು ವಿಷಯ ಗಮನಿಸಿ. ಇಂಧನ ಬದಲಿಸಿದ್ದಕ್ಕೆ ಮಾತ್ರ ಶಕ್ತಿ ಹೆಚ್ಚಲಿಲ್ಲ. ಒತ್ತಡದ ಮಿತಿಯನ್ನೂ ಬದಲಿಸಿದರು. 6 ಪೌಂಡಿನಲ್ಲೇ ಬಿಟ್ಟು ಬರೀ 100 ಆಕ್ಟೇನ್ ತುಂಬಿಸಿದ್ದರೆ ಆ ತಾಳ್ಮೆಯೆಲ್ಲ ಬಳಕೆಯಾಗದೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿತ್ತು. (ಯುದ್ಧವಿಮಾನಕ್ಕೆಲ್ಲಿಯ ಸೈಲೆನ್ಸರ್ ಅಂತ ಕೇಳಬೇಡಿ, ಮಾತಿಗೆ ಅಂದೆ.) ಸಾಮಾನ್ಯ ಕಾರಿಗೆ ದುಬಾರಿ ಪೆಟ್ರೋಲ್ ಹಾಕುವಾಗ ಆಗುವುದು ಇದೇ. ಕಂಪ್ರೆಷನ್ ಅನುಪಾತ ಎರಕ ಹೊಯ್ದಾಗಲೇ ತೀರ್ಮಾನವಾಗಿಬಿಟ್ಟಿದೆ. ಗಾಳಿಯನ್ನು ಒತ್ತಿ ತುರುಕುವ ಟರ್ಬೊ ಇಲ್ಲ, ಹಾಗಾಗಿ ಒತ್ತಡ ಏರಿಸುವ ಪ್ರಶ್ನೆಯೇ ಇಲ್ಲ. ಉಳಿದಿರುವುದು ಒಂದೇ ತಿರುಪು, ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು.

ಅದನ್ನು ಸ್ವಲ್ಪ ನೋಡೋಣ, ಇಡೀ ಚರ್ಚೆ ನಿಂತಿರುವುದು ಇಲ್ಲೇ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ, ಯಾಕೆಂದರೆ ಬೆಂಕಿ ಹರಡಲು ಸಮಯ ಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. ಹಾಗಾಗಿ ಕಿಡಿ ಎಷ್ಟು ಮೊದಲು ಹಾರಬೇಕು ಅನ್ನುವುದು ಬಹಳ ನಾಜೂಕಿನ ಲೆಕ್ಕ. ಒಂದು ಮಟ್ಟದವರೆಗೆ ಮೊದಲು ಹಾರಿಸಿದಷ್ಟೂ ಕಸುವು ಜಾಸ್ತಿ, ಆದರೆ ನಾಕಿಂಗ್ ಭಯವೂ ಜಾಸ್ತಿ. ಕಾರ್ಬ್ಯುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಚೂರು ತಿರುಗಿಸಿ, ಕಿವಿಗೊಟ್ಟು ಕೇಳಿ, ಟೈಮಿಂಗ್ ಕೂರಿಸುತ್ತಿದ್ದ. ಈಗ ಆ ಕಿವಿಯ ಕೆಲಸವನ್ನು ನಾಕ್ ಸೆನ್ಸರ್ ಮಾಡುತ್ತದೆ. ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿರುವ ಸಣ್ಣ ಪೀಜೋ ಹರಳು ಅದು, ನಡುಕವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ನಾಕಿಂಗಿನ ನಡುಕ ಕಿಲೋಹರ್ಟ್ಸ್ ಲೆಕ್ಕದ ಒಂದು ಗೊತ್ತಾದ ಕಂಪನದಲ್ಲಿ ಬರುತ್ತದೆ. ಅದು ಸಿಕ್ಕ ಕೂಡಲೇ ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಟೈಮಿಂಗನ್ನು ಒಂದೆರಡು ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ಆಮೇಲೆ ಮೆಲ್ಲಗೆ ಮುಂದಕ್ಕೆ ತಂದು ನೋಡುತ್ತದೆ.

ಈಗ ನಿಮ್ಮ ಕಾರಿನ ಕೈಪಿಡಿಯಲ್ಲಿ 91 ಸಾಕು ಅಂತ ಬರೆದಿದೆ ಅಂದುಕೊಳ್ಳಿ. ಅಂದರೆ ಆ ಇಂಜಿನ್ ಮಾಡಿದವರು 91ರಲ್ಲಿ ಟೈಮಿಂಗ್ ಹೆಚ್ಚೂಕಡಿಮೆ ತನ್ನ ಒಳ್ಳೆಯ ಜಾಗದಲ್ಲೇ ಕೂರುವಂತೆ ಲೆಕ್ಕ ಹಾಕಿದ್ದಾರೆ. 97 ಹಾಕಿದರೆ ಇಸಿಯು ಕಿಡಿಯನ್ನು ಇನ್ನೂ ಮುಂದೆ ಒಯ್ಯುತ್ತದೆಯೇ? ಅದರೊಳಗೆ ಬರೆದಿಟ್ಟಿರುವ ನಕ್ಷೆಯಲ್ಲಿ ಅಷ್ಟು ಮುಂದಕ್ಕೆ ಜಾಗವೇ ಇಲ್ಲದಿದ್ದರೆ ಒಯ್ಯುವುದಿಲ್ಲ. ಒಯ್ದರೂ, ಒಳ್ಳೆಯ ಜಾಗ ದಾಟಿದ ಮೇಲೆ ಕಸುವು ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ವಾಹನ ಸಂಘ ಎಎಎ 2016ರಲ್ಲಿ ಸಾಮಾನ್ಯ ಪೆಟ್ರೋಲ್ ಸಾಕು ಅನ್ನುವ ಕಾರುಗಳಿಗೆ ಪ್ರೀಮಿಯಂ, ಅಂದರೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್, ಹಾಕಿ ಪ್ರಯೋಗಶಾಲೆಯಲ್ಲಿ ಓಡಿಸಿತು. ನಾಲ್ಕು, ಆರು, ಎಂಟು ಸಿಲಿಂಡರಿನವು ಎಲ್ಲವೂ ಇದ್ದವು. ಕಸುವು, ಮೈಲೇಜ್, ಹೊಗೆ ಯಾವುದರಲ್ಲೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಒಂದು ವರ್ಷದಲ್ಲಿ ಅಲ್ಲಿನವರು ಹೀಗೆ ಬೇಡದ ಪ್ರೀಮಿಯಂಗೆ ಸುಮಾರು 210 ಕೋಟಿ ಡಾಲರ್ ಚೆಲ್ಲಿದ್ದಾರೆ ಅಂತಲೂ ಅಂದಾಜು ಹಾಕಿತು.

ಮರುವರ್ಷ ಅದೇ ಸಂಘ ಇನ್ನೊಂದು ಪರೀಕ್ಷೆ ಮಾಡಿತು. ನನಗೆ ಇದೇ ಹೆಚ್ಚು ಕುತೂಹಲದ್ದು. ಈ ಸಲ ತೆಗೆದುಕೊಂಡಿದ್ದು ಕೈಪಿಡಿಯಲ್ಲಿ "ಪ್ರೀಮಿಯಂ ಹಾಕಿದರೆ ಒಳ್ಳೆಯದು" ಅಂತ ಬರೆದಿರುವ ಕಾರುಗಳನ್ನು. ಕಡ್ಡಾಯ ಅಲ್ಲ, ಸಲಹೆ ಮಾತ್ರ. ಸರಾಸರಿ ಮೈಲೇಜ್ ಶೇಕಡಾ 2.7, ಕಸುವು 1.4ರಷ್ಟು ಏರಿತು. ಸರಾಸರಿಯ ಒಳಗೆ ಇಣುಕಿದರೆ ಒಂದು ಗಾಡಿಯ ಮೈಲೇಜ್ 7 ದಾಟಿ ಏರಿದೆ, ಇನ್ನೊಂದರದ್ದು ಚೂರು ಇಳಿದೇ ಹೋಗಿದೆ. ಅಂದರೆ ಲಾಭ ಇದೆ, ಆದರೆ ಬೆಲೆಯ ವ್ಯತ್ಯಾಸ ಶೇಕಡಾ 2.7ಕ್ಕಿಂತ ಕಡಿಮೆ ಇದ್ದರೆ ಮಾತ್ರ ಜೇಬಿಗೆ ಲಾಭ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಪ್ರೀಮಿಯಂ ಸಿಗುವುದುಂಟಾ?

ಹಾಗಾಗಿ ಕೈಪಿಡಿಯ ಆ ಒಂದು ಸಾಲನ್ನು ನಿಧಾನವಾಗಿ ಓದಬೇಕು. "ಕಡ್ಡಾಯ" ಅಂತ ಇದ್ದರೆ ಮಾತಾಡುವುದೇ ಬೇಡ, ಅದನ್ನೇ ಹಾಕಿ. ಅಲ್ಲಿ ಉಳಿತಾಯ ಮಾಡಲು ಹೋದರೆ ಇಸಿಯು ಟೈಮಿಂಗ್ ಎಳೆದೆಳೆದು ಕಸುವು, ಮೈಲೇಜ್ ಎರಡೂ ಬೀಳುತ್ತವೆ. ಭಾರ ಹೊತ್ತು ಏರು ಹತ್ತುವಾಗ ಇಂಜಿನ್ನಿಗೂ ಕಷ್ಟ. "ಸಲಹೆ" ಅಂತ ಇದ್ದರೆ ನಿಮ್ಮ ಇಷ್ಟ. ಬರೀ ಒಂದು ಸಂಖ್ಯೆ ಇದ್ದರೆ, ಅದು ಕನಿಷ್ಠ ಬೇಕಾದದ್ದು. ಅದರ ಮೇಲಿನದೆಲ್ಲ ಸುಮ್ನೆ.

ಕಂಪ್ರೆಷನ್ ಅನುಪಾತ ನೋಡಿ ತಾವೇ ತೀರ್ಮಾನ ಮಾಡುವವರೂ ಇದ್ದಾರೆ. 10ರ ಮೇಲಿದ್ದರೆ ಪ್ರೀಮಿಯಂ ಬೇಕು ಅನ್ನುವ ಹಳೆಯ ಸೂತ್ರ ಇನ್ನೂ ಓಡಾಡುತ್ತಿದೆ. ಅದರ ಕಾಲ ಮುಗಿಯಿತು. ಮಜ್ದಾ 2011ರಲ್ಲಿ ಜಪಾನಿನಲ್ಲಿ 14 ಅನುಪಾತದ ಸಣ್ಣ ಇಂಜಿನ್ನನ್ನು ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲೇ ಓಡಿಸಿತು. ಟೊಯೊಟಾದ 2.5 ಲೀಟರ್ ಇಂಜಿನ್ 13 ಅನುಪಾತ ಇಟ್ಟುಕೊಂಡು ಅಮೆರಿಕದ 87ರಲ್ಲಿ ಓಡುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸಿದರೆ ಅದು ಆವಿಯಾಗುತ್ತಾ ಒಳಗಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ. ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಬೇಕಾದಂತೆ ಬದಲಿಸಬಹುದು. ಹೀಗೆ ನಾಕಿಂಗಿಗೆ ಹತ್ತು ಕಡೆಯಿಂದ ಬೇಲಿ ಹಾಕಿರುತ್ತಾರೆ. ಬ್ರೋಷರಿನ ಒಂದು ಅಂಕಿ ನೋಡಿ ನಾವು ಲೆಕ್ಕ ಹಾಕುವಂಥದ್ದಲ್ಲ ಇದು.

ಸಣ್ಣ ಟರ್ಬೊ ಇಂಜಿನ್‌ಗಳ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಮೆತ್ತಗಾಗುತ್ತದೆ. ಮರ್ಲಿನ್ ಹಾಗೆ ಇವಕ್ಕೂ ಒತ್ತಡ ಏರಿಸುವ ತಿರುಪು ಇದೆ. ಬಿಸಿಲು, ಭಾರ, ಏರು ಮೂರೂ ಸೇರಿದಾಗ ಇಸಿಯು ಟೈಮಿಂಗನ್ನೂ ಒತ್ತಡವನ್ನೂ ಹಿಂದಕ್ಕೆ ಎಳೆಯುತ್ತದೆ. ಆಗ ಹೆಚ್ಚು ಆಕ್ಟೇನ್ ಇದ್ದರೆ ಎಳೆಯುವುದು ಕಡಿಮೆ. ವ್ಯತ್ಯಾಸ ಕಾಲಿಗೆ ಗೊತ್ತಾಗಲೂಬಹುದು. ಇಂಧನ ವಿಜ್ಞಾನಿ ಗೌತಮ್ ಕಲಘಟಗಿ ಎರಡು ದಶಕಕ್ಕೂ ಹಿಂದಿನಿಂದ ಹೇಳುತ್ತಾ ಬಂದಿರುವ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂದಿನ ಇಂಜಿನ್‌ಗಳ ಒಳಗಿನ ಸ್ಥಿತಿ ಆ ಹಳೆಯ ಸಿಎಫ್ಆರ್ ಪರೀಕ್ಷೆಗಿಂತ ಎಷ್ಟೋ ಬೇರೆ. ಇವುಗಳಲ್ಲಿ ಆರ್‌ಒಎನ್ ಜಾಸ್ತಿ ಇರುವುದು ಒಳ್ಳೆಯದು, ಆದರೆ ಎಂಒಎನ್ ಕೂಡ ಜಾಸ್ತಿ ಇರಬೇಕೆಂದೇನಿಲ್ಲ, ಕಡಿಮೆ ಇದ್ದರೇ ವಾಸಿ ಅನ್ನುವುದು ಅವರ ವಾದ. ಎರಡರ ಸರಾಸರಿ ಬರೆಯುವ ಬಂಕುಗಳಲ್ಲಿ ಆ ಸಂಖ್ಯೆ ಟರ್ಬೊ ಗಾಡಿಗೆ ಪೂರ್ತಿ ಕಥೆ ಹೇಳುವುದಿಲ್ಲ.

ಅಷ್ಟಾದರೂ ದಿನಾ ಟ್ರಾಫಿಕ್ಕಿನಲ್ಲಿ ತೆವಳುವ ಟರ್ಬೊ ಗಾಡಿಗೆ ನಾನು ಪ್ರೀಮಿಯಂ ಹಾಕುವುದಿಲ್ಲ. ಅಲ್ಲಿ ಟರ್ಬೊ ಏಳುವುದೇ ಅಪರೂಪ. ತುಂಬಿದ ಗಾಡಿಯಲ್ಲಿ ಬೇಸಿಗೆಯ ಘಾಟಿ ಹತ್ತುವ ದಿನ ಹಾಕಿದರೆ ಅದಕ್ಕೊಂದು ಅರ್ಥ ಇದೆ.

"ಆದರೂ ನನಗೆ ವ್ಯತ್ಯಾಸ ಗೊತ್ತಾಯಿತಲ್ಲ" ಅನ್ನುವವರಿಗೆ ಏನು ಹೇಳುವುದು? ಅವರು ಸುಳ್ಳು ಹೇಳುತ್ತಿಲ್ಲ. ದುಬಾರಿ ಪೆಟ್ರೋಲ್ ತುಂಬಿಸಿದ ದಿನ ನಾವು ಗಾಡಿಯ ಮಾತನ್ನು ಗಮನ ಕೊಟ್ಟು ಕೇಳುತ್ತೇವೆ. ಮೈಲೇಜ್ ಅಳೆಯಬೇಕು ಅಂತ ಮನಸ್ಸಿನಲ್ಲಿ ಇರುವುದರಿಂದ ಆಕ್ಸಿಲರೇಟರ್ ಮೇಲಿನ ಕಾಲು ತಾನೇ ಹಗುರ ಆಗುತ್ತದೆ. ಅಳತೆಯಲ್ಲೂ ತಕರಾರಿದೆ. 35 ಲೀಟರ್ ತುಂಬಿಸುವಾಗ ಪೈಪು ಒಂದು ಲೀಟರ್ ಮೊದಲೋ ಆಮೇಲೋ ಟಕ್ ಅಂತ ನಿಂತರೆ ಶೇಕಡಾ 3ರಷ್ಟು ತಪ್ಪು. ಎಎಎ ಸಂಘಕ್ಕೆ ಸಿಕ್ಕ ಲಾಭವೇ 2.7 ಇತ್ತು, ಅಲ್ವಾ? ನಾನೂ ನನ್ನ ಟರ್ಬೊ ಇಲ್ಲದ ಗಾಡಿಯಲ್ಲಿ ಹೀಗೆ ತುಂಬಿಸಿ, ಬರೆದಿಟ್ಟು ನೋಡಿದ್ದೇನೆ. ಒಂದೇ ಪೆಟ್ರೋಲಿನ ಎರಡು ಟ್ಯಾಂಕುಗಳ ನಡುವೆ ಕಂಡ ಏರುಪೇರು, ಎರಡು ಬಗೆಯ ಪೆಟ್ರೋಲಿನ ನಡುವಿನದಕ್ಕಿಂತ ಜಾಸ್ತಿ ಇತ್ತು. ಯಾವ ಪೆಟ್ರೋಲ್ ತುಂಬಿದೆ ಅಂತ ಓಡಿಸುವವರಿಗೆ ಹೇಳದೆ ಬೇರೆಯವರು ತುಂಬಿಸಿ ತಂದರೆ ಪರೀಕ್ಷೆ ಇನ್ನೂ ಚೆನ್ನಾಗಿರುತ್ತದೆ. ಮನೆಯವರನ್ನು ಒಪ್ಪಿಸುವುದು ನಿಮ್ಮ ಜವಾಬ್ದಾರಿ.

ಎಥೆನಾಲ್ ಬಗ್ಗೆ ಒಂದು ಮಾತು. ಅದರ ಆರ್‌ಒಎನ್ 108ರ ಆಸುಪಾಸು, ಹಾಗಾಗಿ ಸೇರಿಸಿದರೆ ಆಕ್ಟೇನ್ ಏರುತ್ತದೆ. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಹತ್ತರಲ್ಲಿ ಒಂದು ಪಾಲು ಸೇರಿಸಿದರೆ ಲೀಟರಿನ ಶಕ್ತಿ ಸುಮಾರು ಶೇಕಡಾ 3 ಇಳಿಯುತ್ತದೆ. ಆಕ್ಟೇನ್ ಏರಿ ಶಕ್ತಿ ಇಳಿಯುವುದು ಹೀಗೆ ಒಟ್ಟಿಗೇ ನಡೆಯುತ್ತದೆ.

ಪ್ರೀಮಿಯಂ ಪರ ಇರುವವರ ಕೊನೆಯ ಅಸ್ತ್ರ "ಇಂಜಿನ್ ಕ್ಲೀನ್ ಆಗುತ್ತದೆ" ಅನ್ನುವುದು. ಇದರಲ್ಲಿ ಹುರುಳಿದೆ, ಆದರೆ ಅದಕ್ಕೂ ಆಕ್ಟೇನಿಗೂ ಸಂಬಂಧ ಇಲ್ಲ. ಕೊಳೆ ತೆಗೆಯುವುದು ಪೆಟ್ರೋಲಿಗೆ ಬೆರೆಸುವ ಡಿಟರ್ಜೆಂಟ್. 91ಕ್ಕೂ ಬೆರೆಸಬಹುದು, 97ಕ್ಕೂ ಬೆರೆಸಬಹುದು. 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೊಟಾ ಸೇರಿ ಮಾಡಿದ ಟಾಪ್ ಟಿಯರ್ ಎಂಬ ಮಾನದಂಡದ ಷರತ್ತೇ ಇದು: ಒಳ್ಳೆಯ ಡಿಟರ್ಜೆಂಟ್ ಎಲ್ಲ ದರ್ಜೆಯ ಪೆಟ್ರೋಲಿನಲ್ಲೂ ಇರಬೇಕು. ಎಎಎ ಇದನ್ನೂ ಪರೀಕ್ಷೆ ಮಾಡಿ, ಈ ಮಾನದಂಡ ಇಲ್ಲದ ಪೆಟ್ರೋಲಿನಲ್ಲಿ ಇನ್‌ಟೇಕ್ ವಾಲ್ವಿನ ಮೇಲೆ ಸರಾಸರಿ 19 ಪಟ್ಟು ಜಾಸ್ತಿ ಮಸಿ ಕೂತಿತು ಅಂತ ಹೇಳಿದೆ. ಆಕ್ಟೇನ್ ವ್ಯತ್ಯಾಸಕ್ಕಿಂತ ಇದು ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ವಿಷಯ. ಕೆಲವು ಕಂಪನಿಗಳು ದುಬಾರಿ ಪೆಟ್ರೋಲಿಗೆ ಮಾತ್ರ ಹೆಚ್ಚು ಡಿಟರ್ಜೆಂಟ್ ಹಾಕುತ್ತವೆ. ಅಂಥ ಕಡೆ ಆಗೊಮ್ಮೆ ಈಗೊಮ್ಮೆ ಒಂದು ಟ್ಯಾಂಕ್ ಹಾಕುವವರನ್ನು ನಾನು ಬೈಯುವುದಿಲ್ಲ.

ಆದರೆ ನೇರ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂಬದಿಯನ್ನು ಮುಟ್ಟುವುದೇ ಇಲ್ಲ, ಸೀದಾ ಸಿಲಿಂಡರಿಗೆ ಹೋಗುತ್ತದೆ. ಎಂಥಾ ಡಿಟರ್ಜೆಂಟ್ ಹಾಕಿದರೂ ಆ ವಾಲ್ವಿನ ಮಸಿ ಹಾಗೇ ಇರುತ್ತದೆ. ಇಂಜೆಕ್ಟರಿನ ತುದಿ ಮಾತ್ರ ಸ್ವಚ್ಛ ಇರಬಹುದು. ಇದಕ್ಕೇ ಕೆಲವು ಇಂಜಿನ್‌ಗಳಿಗೆ ಸಿಲಿಂಡರಿನೊಳಗೆ ಚಿಮ್ಮಿಸುವುದು, ವಾಲ್ವಿನ ಹಿಂದೆ ಚಿಮ್ಮಿಸುವುದು ಎರಡೂ ಬಗೆಯ ಇಂಜೆಕ್ಟರ್ ಕೊಟ್ಟಿರುತ್ತಾರೆ.

ಹೆಚ್ಚು ಆಕ್ಟೇನ್ ಹಾಕಿದರೆ ಇಂಜಿನ್ ಹಾಳಾಗುತ್ತದೆ, ವಾಲ್ವ್ ಸುಡುತ್ತದೆ ಅನ್ನುವ ಹೆದರಿಕೆಯೂ ಕೆಲವರಿಗಿದೆ. ಹಾಳಾಗುವುದು ಪರ್ಸ್ ಮಾತ್ರ. ಬೆರೆಸಿದರೂ ತೊಂದರೆ ಇಲ್ಲ. ಅರ್ಧ ಟ್ಯಾಂಕ್ 91, ಅರ್ಧ 97 ಇದ್ದರೆ ಹೆಚ್ಚೂಕಡಿಮೆ 94 ಆಗುತ್ತದೆ.

ಹಳೆಯ ಗಾಡಿಗಳ ಕಥೆ ಸ್ವಲ್ಪ ಬೇರೆ. ವರ್ಷಗಟ್ಟಲೆ ಓಡಿದ ಇಂಜಿನ್ನಿನ ದಹನ ಕೋಣೆಯಲ್ಲಿ ಮಸಿ ಕೂತು ಜಾಗ ಕಿರಿದಾಗುತ್ತದೆ, ಬಿಸಿಯೂ ಒಳಗೇ ಉಳಿಯುತ್ತದೆ. ಹೊಸದರಲ್ಲಿ 91ರಲ್ಲಿ ತಣ್ಣಗೆ ಓಡುತ್ತಿದ್ದ ಗಾಡಿ ಈಗ ಏರಿನಲ್ಲಿ ಕಣಕಣ ಅನ್ನಬಹುದು. ಅಂಥ ಗಾಡಿಗೆ ಒಂದು ದರ್ಜೆ ಮೇಲಿನ ಪೆಟ್ರೋಲ್ ಹಾಕಿದರೆ ಸದ್ದು ನಿಲ್ಲುತ್ತದೆ, ಇದು ಕಣ್ಣಾರೆ ಕಂಡ ನಿಜ. ಆದರೆ ಅದಕ್ಕೂ ಮೊದಲು ದೊಡ್ಡ ಗೇರಿನಲ್ಲೇ ಎಳೆಯುವ ಅಭ್ಯಾಸ ಇದೆಯಾ ನೋಡಿ. ಇದ್ದರೆ ಒಂದು ಗೇರ್ ಇಳಿಸಿ, ಅರ್ಧ ನಾಕಿಂಗ್ ಅಲ್ಲೇ ಹೋಗುತ್ತದೆ. ಆಮೇಲೆ ಕೂಲಂಟ್ ಮಟ್ಟ ನೋಡಿ. ಪ್ಲಗ್ ಕೈಪಿಡಿ ಹೇಳಿದ ಹೀಟ್ ರೇಂಜಿನದೇನಾ (ಅಂದರೆ ಬಿಸಿಯನ್ನು ಹೊರಹಾಕುವ ಮಟ್ಟ ಸರಿ ಇದೆಯಾ) ಅಂತ ಖಚಿತ ಮಾಡಿಕೊಳ್ಳಿ. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಕಟ್ಟಿಕೊಂಡಿದೆಯಾ, ನಾಕ್ ಸೆನ್ಸರಿನ ವೈರ್ ಎಲ್ಲಾದರೂ ಕಡಿದಿದೆಯಾ ಅಂತ ಒಬ್ಬ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಕೇಳಿ. ಅವರು ಪುರುಸೊತ್ತು ಮಾಡಿಕೊಂಡು ಬಾನೆಟ್ ಎತ್ತುವವರೆಗೆ ಪ್ರೀಮಿಯಂ ಹಾಕಿಕೊಂಡು ಓಡಿಸಬಹುದು.